ಕಾರ್ಡ್ ಕೊಳ್ಳುವ ಮೊದಲು ಕ್ಯಾಬಿನೆಟ್ ತೆರೆಯಿರಿ

ಗುಬ್ಬಿಯ ಡಿಟಿಪಿ ಅಂಗಡಿಯವರೊಬ್ಬರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಕೊಂಡು, ಕಂಪ್ಯೂಟರ್ ಸಮೇತ ತುಮಕೂರಿನ ನನ್ನ ರಿಪೇರಿ ಅಂಗಡಿಗೆ ಬಂದರು. ಮದುವೆಯ ಕಾಲ. ವರ್ಷಗಳಿಂದ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಕೂಡಿಸಿಟ್ಟ ಲಗ್ನಪತ್ರಿಕೆಗಳೆಲ್ಲ ಅದರಲ್ಲಿವೆ, ಪರದೆ ಮಾತ್ರ ಕಪ್ಪು. ಅವರು ತಂದದ್ದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್, ಕಂಪ್ಯೂಟರಿನ ಮುಖ್ಯ ಫಲಕವಾದ ಮದರ್‌ಬೋರ್ಡಿನಲ್ಲಿದ್ದದ್ದು ಅದಕ್ಕೆ ಹೊಂದದ ಹಳೆಯ ಎಜಿಪಿ ಸ್ಲಾಟ್, ಅಂದರೆ ಕಾರ್ಡ್ ಕೂರಿಸುವ ಸೀಳು. ಒಂದಿಡೀ ದಿನದ ದುಡಿಮೆ ವ್ಯರ್ಥವಾಯಿತಲ್ಲ ಎಂದು ನನಗೆ ಸಂಕಟವಾಯಿತು.

ಮೊದಲು ವಿದ್ಯುತ್ ತಂತಿಯನ್ನು ಕಿತ್ತು, ಕ್ಯಾಬಿನೆಟ್‌ನ ಲೋಹವನ್ನು ಮುಟ್ಟಿ, ಪಕ್ಕದ ಮುಚ್ಚಳ ತೆಗೆಯಿರಿ. ಪ್ರೊಸೆಸರ್‌ನ ಕೆಳಗೆ ಸಾಲಾಗಿರುವ ಸ್ಲಾಟ್‌ಗಳ ಫೋಟೊ ತೆಗೆದುಕೊಳ್ಳಿ.

ಸಾಮಾನ್ಯವಾಗಿ ಬಿಳಿಯ ಬಣ್ಣದವು ಪಿಸಿಐ. ಅಲ್ಲಿ ಸೆಕೆಂಡಿಗೆ 133 ಮೆಗಾಬೈಟ್‌ನಷ್ಟೇ ದತ್ತಾಂಶ ಸಾಗುತ್ತದೆ, ಅದನ್ನೂ ಉಳಿದ ಪಿಸಿಐ ಕಾರ್ಡ್‌ಗಳೊಂದಿಗೆ ಹಂಚಿಕೊಳ್ಳಬೇಕು. ಅಕ್ಷರ ಜೋಡಣೆಗೆ ಸಾಕು, ವಿಡಿಯೊಗೆ ಸಾಲದು. ಬೇರೆ ಸ್ಲಾಟ್ ಇಲ್ಲದಿದ್ದರೆ ಮಾತ್ರ ಇದನ್ನು ಆರಿಸಿ.

ಒಂದೇ ಒಂದು ಕಂದು ಸ್ಲಾಟ್, ಪಿಸಿಐಗಿಂತ ತುಸು ಒಳಕ್ಕೆ ಸರಿದು ಕೂತಿದ್ದರೆ ಅದು ಎಜಿಪಿ. 1997ರ ಸುಮಾರಿಗೆ ಬಂದ ಇದು ಗ್ರಾಫಿಕ್ಸ್‌ಗೆಂದೇ ಮೀಸಲು. ಅದರ ಮೊದಲ ವೇಗವಾದ 1ಎಕ್ಸ್‌ನಲ್ಲಿ ಸೆಕೆಂಡಿಗೆ 266 ಮೆಗಾಬೈಟ್, ಕೊನೆಯದಾದ 8ಎಕ್ಸ್‌ನಲ್ಲಿ ಸುಮಾರು 2,100 ಮೆಗಾಬೈಟ್. ಇಲ್ಲಿ ವೇಗಕ್ಕಿಂತ ವೋಲ್ಟೇಜನ್ನು ನೋಡಬೇಕು. ಕಾರ್ಡಿನ ಅಂಚಿನ ಕಚ್ಚು ಹಿಂಬದಿಯ ಲೋಹದ ಪಟ್ಟಿಗೆ ಹತ್ತಿರವಿದ್ದರೆ 3.3 ವೋಲ್ಟ್, ದೂರವಿದ್ದರೆ 1.5 ವೋಲ್ಟ್, ಎರಡು ಕಚ್ಚುಗಳಿದ್ದರೆ ಎರಡಕ್ಕೂ ಹೊಂದುತ್ತದೆ. ಕೂರದ ಕಾರ್ಡನ್ನು ದಯವಿಟ್ಟು ಒತ್ತಿ ಕೂರಿಸಬೇಡಿ. ತಪ್ಪು ವೋಲ್ಟೇಜಿನಿಂದ ಬೋರ್ಡೇ ಸುಟ್ಟುಹೋಗಬಹುದು. ಗುಬ್ಬಿಯವರಿಗೆ ನನ್ನ ಹಳೆಯ ಸಾಮಾನಿನಲ್ಲೇ ಎರಡು ಕಚ್ಚಿನ ಕಾರ್ಡೊಂದು ಸಿಕ್ಕಿತು.

2004ರ ನಂತರದ ಬೋರ್ಡ್‌ಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬಂದಿತು. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದದ್ದು ಉದ್ದನೆಯ ಎಕ್ಸ್16 ಸ್ಲಾಟ್. ಮೊದಲ ತಲೆಮಾರಿನಲ್ಲೇ ಒಂದು ದಿಕ್ಕಿಗೆ ಸೆಕೆಂಡಿಗೆ 4 ಗಿಗಾಬೈಟ್ ಸಾಗುತ್ತಿತ್ತು, ಎರಡನೆಯದರಲ್ಲಿ ಅದು ಇಮ್ಮಡಿಯಾಯಿತು. ಕಾರ್ಡಿನ ಮತ್ತು ಸ್ಲಾಟ್‌ನ ತಲೆಮಾರು ಬೇರೆಯಾದರೂ ಕಾರ್ಡ್ ಸಾಮಾನ್ಯವಾಗಿ ಎರಡರಲ್ಲಿ ಕಡಿಮೆಯ ವೇಗದಲ್ಲಿ ಕೆಲಸ ಮಾಡುತ್ತದೆ. ಆದರೆ ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನಲ್ಲೇ ಇರುವ ಬಯೋಸ್ ತಂತ್ರಾಂಶ ತೀರಾ ಹಳೆಯದಾದರೆ ಅದು ಕೆಲವು ಹೊಸ ಕಾರ್ಡ್‌ಗಳನ್ನು ಗುರುತಿಸುವುದಿಲ್ಲ. ಆದ್ದರಿಂದ ನಿಮ್ಮ ಬೋರ್ಡಿನ ಕಾಲದ ಕಾರ್ಡನ್ನೇ ಹುಡುಕಿ, ಹಿಂದಿರುಗಿಸಲು ಅವಕಾಶವಿದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ.

ಎಕ್ಸ್16 ಸ್ಲಾಟ್ ಹೆಚ್ಚೆಂದರೆ 75 ವಾಟ್ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ 6 ಅಥವಾ 8 ಪಿನ್‌ನ ತಂತಿ ಬೇಕು. ಹಳೆಯ ಎಸ್‌ಎಂಪಿಎಸ್‌ಗೆ ಆ ಹೊರೆ ಹೊರಿಸಬೇಡಿ, ಪ್ರತ್ಯೇಕ ತಂತಿ ಕೇಳದ ಚಿಕ್ಕ ಕಾರ್ಡೇ ಲೇಸು. ಕ್ಯಾಬಿನೆಟ್ ತೆಳ್ಳಗಿದ್ದರೆ ಗಿಡ್ಡ ಪಟ್ಟಿಯ ಕಾರ್ಡನ್ನು ಕೇಳಿ.

ಕಾರ್ಡನ್ನು ನೇರವಾಗಿ ಇಳಿಸಿ, ಸ್ಲಾಟ್‌ನ ತುದಿಯಲ್ಲಿ ಕೊಂಡಿಯಿದ್ದರೆ ಅದು ಬಿಗಿಯುವವರೆಗೆ ಒತ್ತಿ, ಸ್ಕ್ರೂ ಹಾಕಿ. ಮಾನಿಟರ್ ತಂತಿಯನ್ನು ಬೋರ್ಡಿನ ಹಳೆಯ ಕಿಂಡಿಯಿಂದ ತೆಗೆದು ಹೊಸ ಕಾರ್ಡಿಗೆ ಚುಚ್ಚಿದ ಮೇಲೆ ಸ್ವಿಚ್ ಒತ್ತಿ.