ಮೀಟರ್ ಹೊರಗೆ ಬರಲಿ, ಮಳೆ ಒಳಗೆ ಹೋಗದಿರಲಿ

ಹಳೆ ಮನೆಗಳಲ್ಲಿ ಕರೆಂಟ್ ಮೀಟರ್ ಇರುವುದು ಜಗಲಿಯ ಮೂಲೆಯಲ್ಲಿ, ಇಲ್ಲವೇ ಮುಂಬಾಗಿಲ ನೆತ್ತಿಯ ಮೇಲೆ. ಮೀಟರ್ ರೀಡರ್ ಬಂದ ದಿನವೇ ನಾವು ಮನೆಗೆ ಬೀಗ ಹಾಕಿ ಮದುವೆಗೆ ಹೋಗಿರುತ್ತೇವೆ. ಅವರು ಸರಾಸರಿ ಬಿಲ್ ಹರಿದು ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ. ಗೃಹಜ್ಯೋತಿ ಬಂದ ಮೇಲಂತೂ ಒಂದೊಂದು ಯೂನಿಟ್ಟಿಗೂ ಲೆಕ್ಕ. ಹಾಗಾಗಿ ಮೀಟರನ್ನು ಹೊರಗೋಡೆಗೆ ತರುವವರು ಜಾಸ್ತಿಯಾಗಿದ್ದಾರೆ.

ನಾವೂ ತಂದೆವು. ಗೇಟಿಗೆ ಹತ್ತಿರ ಅಂತ ಪಡುವಣ ಗೋಡೆಗೆ ಪೆಟ್ಟಿಗೆ ಕೂರಿಸಿದೆವು. ನೋಡಲು ಚೆಂದ ಅಂತ ವೈರಿನ ಪೈಪನ್ನು ಮೇಲಿನಿಂದ ಒಳಗೆ ಬಿಟ್ಟೆವು. ಆಷಾಢದ ಒಂದು ರಾತ್ರಿ ಚಟಪಟ ಸದ್ದು, ಮನೆಯೆಲ್ಲ ಕತ್ತಲೆ. ಬೆಳಿಗ್ಗೆ ಲೈನ್‌ಮನ್ ಬಂದು ಮುಚ್ಚಳ ತೆಗೆದರೆ ತಳದಲ್ಲಿ ಎರಡು ಬೆರಳು ನೀರು! ಎರಡನೇ ಸಲ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅರ್ಜಿ, ಆಮೇಲೆ ಡ್ರಿಲ್

ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಚೆಸ್ಕಾಂ, ನಿಮ್ಮದು ಯಾವುದೇ ಇರಲಿ, ಮೀಟರ್ ಜಾಗ ಬದಲಿಸಲು ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಬೇಕು. ಹಳೆ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಬೇಕು. ಬಾಕಿ ಇದ್ದರೆ ಕಟ್ಟಿಬಿಡಿ. ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಶುಲ್ಕ ಎಷ್ಟು ಎಂದು ಆಫೀಸಿನಲ್ಲೇ ಕೇಳಿ, ರಸೀದಿ ಪಡೆಯಿರಿ.

‘ಎರಡು ತಂತಿ ಬಿಚ್ಚಿ ಎರಡು ತಂತಿ ಕಟ್ಟುವುದು ತಾನೇ, ನಾನೇ ಮಾಡ್ತೀನಿ’ ಎನ್ನುವ ಭಾವಮೈದುನ ಎಲ್ಲರ ಮನೆಯಲ್ಲೂ ಒಬ್ಬ ಇರುತ್ತಾನೆ. ಅವನನ್ನು ದೂರ ಇಡಿ. ಮೀಟರಿನ ಸೀಲ್ ಒಡೆಯುವ ಹಕ್ಕು ನಮಗಿಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅದು ಅಪರಾಧ. ಅದಕ್ಕಿಂತ ಮುಖ್ಯ, ಮೇನ್ ಸ್ವಿಚ್ ಇರುವುದು ಮೀಟರ್ ಆದಮೇಲೆ. ಮೇನ್ ಆಫ್ ಮಾಡಿದರೂ ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದನ್ನು ನಿಲ್ಲಿಸುವುದು ಕಂಪನಿಯವರ ಕೆಲಸ.

ಹಾಗಾದರೆ ನಮ್ಮ ಕೆಲಸವೇನು? ಜಾಗ ಆರಿಸುವುದು, ಪೆಟ್ಟಿಗೆ ಕೂರಿಸಿಡುವುದು, ಉಳಿದದ್ದನ್ನು ನಿಂತು ನೋಡುವುದು. ನಿಂತು ನೋಡದಿದ್ದರೆ ಪೈಪು ಮೇಲಿನಿಂದಲೇ ಬರುತ್ತದೆ, ನಮಗಾದಂತೆ.

ಜಾಗ

ಕರಾವಳಿ, ಮಲೆನಾಡಿನಲ್ಲಿ ಮುಂಗಾರು ಮಳೆ ಹೊಡೆಯುವುದು ಪಶ್ಚಿಮ, ನೈಋತ್ಯದಿಂದ. ಆ ಗೋಡೆಗಳು ಬೇಡ. ಸೂರಿನ ಕೆಳಗಿನ ಪೂರ್ವದ ಗೋಡೆ ಸಿಕ್ಕರೆ ಒಳ್ಳೆಯದು. ಬಯಲುಸೀಮೆಯಲ್ಲಿ ಮಳೆಗಿಂತ ಬಿಸಿಲಿನ ಕಾಟ ಹೆಚ್ಚು. ಅಲ್ಲೂ ಪಶ್ಚಿಮದ ಗೋಡೆ ಇಳಿಹೊತ್ತಿನಲ್ಲಿ ಹಂಚಿನಂತೆ ಕಾಯುತ್ತದೆ.

ಮೀಟರ್ ಕಣ್ಣಿನ ಮಟ್ಟಕ್ಕಿರಲಿ, ಅಂದರೆ ನೆಲದಿಂದ ಸುಮಾರು 5 ಅಡಿ. ಸ್ಟೂಲ್ ಹತ್ತಿ ಓದುವಂತಿರಬಾರದು, ಮಕ್ಕಳ ಕೈಗೂ ಎಟುಕಬಾರದು. ಮುಂದೆ ಒಬ್ಬರು ಆರಾಮಾಗಿ ನಿಲ್ಲುವಷ್ಟು ಜಾಗ ಬೇಕು. ಬಚ್ಚಲಿನ ಪೈಪು, ನಲ್ಲಿ, ಗ್ಯಾಸ್ ಸಿಲಿಂಡರ್, ದನ ಕಟ್ಟುವ ಗೂಟ, ಇವುಗಳಿಂದ ದೂರವಿರಲಿ. ಜಾಗ ಗುರುತು ಮಾಡಿದ ಮೇಲೆ ಲೈನ್‌ಮನ್‌ಗೆ ಒಮ್ಮೆ ತೋರಿಸಿ. ಸರ್ವಿಸ್ ವೈರ್ ಅಲ್ಲಿವರೆಗೆ ಬರುತ್ತದೋ ಇಲ್ಲವೋ ಅವರಿಗೇ ಗೊತ್ತು.

ಪೆಟ್ಟಿಗೆ

ಕಬ್ಬಿಣದ ತಗಡಿನದು ಅಗ್ಗ, ಆದರೆ ಉಪ್ಪುಗಾಳಿಯ ಊರಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಮೇಲಾಗಿ ಲೋಹದ ಪೆಟ್ಟಿಗೆಗೆ ಅರ್ಥಿಂಗ್ ಕೊಡಲೇಬೇಕು. ನನಗೆ ಪಾಲಿಕಾರ್ಬೊನೇಟ್ ಪೆಟ್ಟಿಗೆಯೇ ವಾಸಿ ಅನಿಸಿತು. ಸ್ಮಾರ್ಟ್ ಮೀಟರ್ ಬಂದರೆ ಅದರ ಸಿಗ್ನಲ್‌ಗೂ ಪ್ಲಾಸ್ಟಿಕ್ ಅಡ್ಡಿಯಾಗುವುದಿಲ್ಲ. ಅಂಗಡಿಯಲ್ಲಿ ‘ಐಪಿ 55’ ಎಂದು ಕೇಳಿ. ಮೊದಲ 5 ದೂಳಿಗೆ, ಎರಡನೆಯದು ನೀರಿಗೆ. ಮುಚ್ಚಳದ ಸುತ್ತ ರಬ್ಬರ್ ಪಟ್ಟಿ, ಓದಲು ಪಾರದರ್ಶಕ ಕಿಂಡಿ, ಸೀಲ್ ಹಾಕಲು ತೂತು ಇರಬೇಕು. ಅಳತೆಯನ್ನು ಲೈನ್‌ಮನ್ ಹತ್ತಿರ ಕೇಳಿಯೇ ತನ್ನಿ.

ಗೋಡೆ ಕೊರೆಯುವ ಮೊದಲು ಒಳಗೆ ಹಳೆ ವೈರು, ನೀರಿನ ಪೈಪು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇಟ್ಟಿಗೆ, ಕಾಂಕ್ರೀಟ್ ಗೋಡೆಗೆ ಆಂಕರ್ ಬೋಲ್ಟ್ ಸಾಕು. ಜಂಬಿಟ್ಟಿಗೆ ಗೋಡೆ ಕೊರೆದರೆ ಪುಡಿಪುಡಿಯಾಗಿ ಉದುರುತ್ತದೆ. ಅಲ್ಲಿ ಪೆಟ್ಟಿಗೆಯ ಅಗಲಕ್ಕೆ ಸಿಮೆಂಟ್ ಗಾರೆ ಬಳಿದು, ಬೋಲ್ಟನ್ನು ಅದರಲ್ಲೇ ಹೂತು, ಒಂದು ವಾರ ನೀರುಣಿಸಿ. ಪೆಟ್ಟಿಗೆ ಬಿಗಿಯುವಾಗ ಹಿಂದೆ ದಪ್ಪ ವಾಷರ್ ಕೊಡಿ. ಗೋಡೆಗೂ ಪೆಟ್ಟಿಗೆಗೂ ನಡುವೆ ಅರ್ಧ ಬೆರಳು ಗಾಳಿ ಆಡಿದರೆ ಗೋಡೆಯ ಥಂಡಿ ಒಳಗೆ ಇಳಿಯುವುದಿಲ್ಲ.

ತಳದಿಂದ ಮಾತ್ರ

ತಂತಿ ಒಳಗೆ ಹೋಗುವುದು ಪೆಟ್ಟಿಗೆಯ ತಳದಿಂದ ಮಾತ್ರ. ಹೊರಗಿನಿಂದ ಬರುವ ತಂತಿ ಒಂದು ಗೇಣು ಕೆಳಗೆ ಜೋತು, ಮತ್ತೆ ಮೇಲೇರಿ ತಳದ ತೂತು ಸೇರಬೇಕು. ಆಗ ತಂತಿಯ ಮೇಲೆ ಹರಿದು ಬಂದ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ತೂತಿಗೆ ಗ್ಲ್ಯಾಂಡ್, ಅಂದರೆ ತಂತಿಯ ಸುತ್ತ ಸಂದು ಮುಚ್ಚುವ ಬಿರಡೆ, ಹಾಕಿ ಬಿಗಿಸಬೇಕು. ಇಲ್ಲದಿದ್ದರೆ ಇರುವೆ, ಹಲ್ಲಿ, ಕಡಜ ಎಲ್ಲವೂ ಬಂದು ಸಂಸಾರ ಹೂಡುತ್ತವೆ. ಹಲ್ಲಿ ಎರಡು ತಂತಿಗೆ ಅಡ್ಡ ಬಿದ್ದರೆ ಶಾರ್ಟ್ ಆಗಲೂಬಹುದು.

ಸರ್ವಿಸ್ ವೈರ್ ಸಾಮಾನ್ಯವಾಗಿ ಅಲ್ಯೂಮಿನಿಯಂ, ಮನೆಯೊಳಗಿನದು ತಾಮ್ರ. ಎರಡನ್ನೂ ಸುಮ್ನೆ ಹೊಸೆದು ಟೇಪ್ ಸುತ್ತಿದರೆ ಆ ಗಂಟು ಕಿಲುಬು ಹಿಡಿದು, ಸಡಿಲಾಗಿ, ಕಾಯಲು ಶುರುವಾಗುತ್ತದೆ. ಎರಡು ಲೋಹಕ್ಕೂ ಹೊಂದುವ ಲಗ್ (ತಂತಿಯ ತುದಿಗೆ ಕೂರಿಸುವ ಲೋಹದ ತೊಡಿಗೆ) ಹಾಕಿಸಿ. ಸ್ಕ್ರೂಗಳನ್ನು ಬಿಗಿ ಮಾಡಿಸಿ. ಮೀಟರ್ ಸುಟ್ಟುಹೋಗುವುದಕ್ಕೆ ಸಡಿಲ ಸ್ಕ್ರೂ ಒಂದು ದೊಡ್ಡ ಕಾರಣ.

ಮೀಟರ್ ಆದಮೇಲೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಸ್ವಿಚ್ ಇರಲಿ. ಅದರ ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಮೈಮೂಲಕ ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುವುದು ಇದೇ.

ಅರ್ಥಿಂಗ್‌ಗೆ ಒಂದೂವರೆ ಅಂಗುಲದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಬೇಕು, ಉದ್ದ ಎರಡೂವರೆ ಮೀಟರ್ (ಇದು ಅಳತೆಯ ಮೀಟರ್). ನೆಲದಲ್ಲಿ ನೆಟ್ಟು ಸುತ್ತ ಇದ್ದಿಲು, ಉಪ್ಪು ತುಂಬುತ್ತಾರೆ. ಸದಾ ತೇವ ಇರುವ ಕಡೆ ಗುಂಡಿ ತೆಗೆಸಿ. ಬಾಳೆಗಿಡದ ಪಕ್ಕ ಒಳ್ಳೆ ಜಾಗ, ಬೇಸಿಗೆಯಲ್ಲೂ ನೀರು ಬೀಳುತ್ತಿರುತ್ತದೆ ಅಲ್ವಾ?

ಲೈನ್‌ಮನ್ ಬರುವ ದಿನ

ಮೀಟರ್ ಬಿಚ್ಚುವ ಮೊದಲು ರೀಡಿಂಗ್, ಮೀಟರ್ ನಂಬರ್ ಎರಡರ ಫೋಟೋ ತೆಗೆದಿಡಿ. ಕೂರಿಸಿದ ಮೇಲೆ ಹೊಸ ಸೀಲಿನದೂ ಒಂದಿರಲಿ. ಮುಂದಿನ ಬಿಲ್ಲಿನಲ್ಲಿ ಗಲಾಟೆಯಾದರೆ ಇದೇ ಸಾಕ್ಷಿ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ. ಮೇನ್ ಆಫ್ ಮಾಡಿ. ಮೀಟರಿನ ಪುಟ್ಟ ಕೆಂಪು ದೀಪ ಮಿನುಗಬಾರದು. ಈಗ ಮೇನ್ ಆನ್ ಮಾಡಿ, ಮನೆಯ ಉಳಿದ ಸ್ವಿಚ್ಚೆಲ್ಲ ಆಫ್ ಮಾಡಿ, 1000 ವಾಟಿನ ಇಸ್ತ್ರಿಪೆಟ್ಟಿಗೆ ಒಂದನ್ನೇ ಹಾಕಿ. ಮೀಟರ್ ಮೇಲೆ ‘3200 imp/kWh’, ಅಂದರೆ ಯೂನಿಟ್ಟಿಗೆ 3200 ಮಿನುಗು ಎಂದಿದ್ದರೆ ದೀಪ ಒಂದು ನಿಮಿಷಕ್ಕೆ ಸುಮಾರು 53 ಸಲ ಮಿನುಗಬೇಕು. ಸ್ವಲ್ಪ ಆಚೀಚೆ ಆದರೆ ಚಿಂತೆಯಿಲ್ಲ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನೂ ಒತ್ತಿ ನೋಡಿ, ತಕ್ಷಣ ಟ್ರಿಪ್ ಆಗಬೇಕು.

ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಕಿಂಡಿಯಿಂದ ಇಣುಕಿ. ಗಾಜಿನ ಒಳಗೆ ಹನಿ ಕಂಡರೆ ಮುಟ್ಟಬೇಡಿ, ಬಟ್ಟೆ ಹಿಡಿದು ಒರೆಸಲೂ ಹೋಗಬೇಡಿ. 1912ಕ್ಕೆ ಫೋನ್ ಮಾಡಿ, ಅವರು ಬರುವ ತನಕ ಮಕ್ಕಳನ್ನು ಆ ಗೋಡೆಯ ಕಡೆ ಬಿಡಬೇಡಿ.