ದಾರಿಯುದ್ದಕ್ಕೂ ನೆಟ್ ಬೇಕಾ? ಮೊದಲು ಟವರ್ ನೋಡಿ, ಆಮೇಲೆ ಡಬ್ಬಿ ಕೊಳ್ಳಿ

ದೂರದ ಪ್ರಯಾಣ ಹೊರಡುವ ಮುಂಚೆ ‘ಪೋರ್ಟಬಲ್ ವೈಫೈ’ ಅಂತ ಹುಡುಕಿ, ಸ್ಟಾರ್ ಜಾಸ್ತಿ ಬಿದ್ದಿರುವ ಒಂದು ಡಬ್ಬಿಯನ್ನು ಆರ್ಡರ್ ಮಾಡಿಬಿಡುವವರೇ ಹೆಚ್ಚು. ಡಬ್ಬಿಯಲ್ಲಿ ದೋಷವೇನೂ ಇರುವುದಿಲ್ಲ. ಆದರೆ ಗುಡ್ಡಗಳ ನಡುವೆ ಅದರೊಳಗಿನ ಸಿಮ್‌ಗೆ ಟವರ್ರೇ ಸಿಗದಿದ್ದರೆ ಅದರಿಂದ ಏನು ಪ್ರಯೋಜನ? ಟವರ್‌ನಿಂದ ಬಂದದ್ದನ್ನು ನಾಲ್ಕು ಜನಕ್ಕೆ ಹಂಚುವುದಷ್ಟೇ ಹಾಟ್‌ಸ್ಪಾಟ್‌ನ ಕೆಲಸ. ಹಾಗಾಗಿ ಸಾಧನದ ವಿಚಾರ ಸ್ವಲ್ಪ ಬದಿಗಿಡಿ. ಮೊದಲು ಎಷ್ಟು ಡೇಟಾ ಬೇಕು ಅಂತ ನೋಡೋಣ.

1. ಲೆಕ್ಕ ಹಾಕಿ

ಮ್ಯಾಪ್, ಮೆಸೇಜು, ಮೇಲ್‌ಗಳಿಗೆ ಡೇಟಾ ಹೆಚ್ಚೇನೂ ಬೇಡ. 320 ಕೆಬಿಪಿಎಸ್ ಗುಣಮಟ್ಟದ ಹಾಡು ಗಂಟೆಗೆ ಸುಮಾರು 144 ಎಂಬಿ ಎಳೆಯುತ್ತದೆ. ಡೇಟಾ ನುಂಗುವುದು ವಿಡಿಯೊ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಬೇರೆ ಬೇರೆ ಟ್ಯಾಬ್ ಹಿಡಿದು ಎರಡೆರಡು ಗಂಟೆ ನೋಡಿದರೆ 12 ಜಿಬಿ ಖಾಲಿ. ಅದನ್ನೇ ಸಾಧಾರಣ ಗುಣಮಟ್ಟಕ್ಕೆ ಇಳಿಸಿದರೆ 3 ಜಿಬಿ ಒಳಗೇ ಮುಗಿಯುತ್ತದೆ. ಅಷ್ಟು ಚಿಕ್ಕ ಪರದೆಯಲ್ಲಿ ವ್ಯತ್ಯಾಸ ಕಂಡುಹಿಡಿಯುವ ಮಕ್ಕಳು ಅಪರೂಪ.

ಸದ್ದಿಲ್ಲದೆ ಡೇಟಾ ತಿನ್ನುವವು ಇನ್ನೆರಡಿವೆ: ಫೋಟೊ ಬ್ಯಾಕಪ್ ಮತ್ತು ಲ್ಯಾಪ್‌ಟಾಪ್ ಅಪ್‌ಡೇಟ್. ಬ್ಯಾಕಪ್ ಅನ್ನು ‘ವೈಫೈ ಇದ್ದಾಗ ಮಾತ್ರ’ ಅಂತ ಇಟ್ಟಿದ್ದರೂ ಸಾಲದು. ನಿಮ್ಮ ಹಾಟ್‌ಸ್ಪಾಟ್ ಕೂಡ ಫೋನಿನ ಕಣ್ಣಿಗೆ ವೈಫೈಯೇ ಅಲ್ವಾ? ಪ್ರಯಾಣ ಮುಗಿಯುವವರೆಗೆ ಅದನ್ನು ಪೂರ್ತಿ ಆಫ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’, ಅಂದರೆ ಡೇಟಾಗೆ ಮಿತಿ ಇರುವ ಸಂಪರ್ಕ ಎಂದು ಗುರುತು ಹಾಕಿ.

ಪ್ಲಾನ್‌ನಲ್ಲಿ ‘ಅನ್‌ಲಿಮಿಟೆಡ್’ ಅಂತ ಬರೆದಿದ್ದರೆ ಕೆಳಗಿನ ಸಣ್ಣ ಅಕ್ಷರಗಳನ್ನೂ ಓದಿ. ಮಿತಿ ದಾಟಿದ ಮೇಲೆ ವೇಗವನ್ನು 64 ಕೆಬಿಪಿಎಸ್‌ಗೆ ಇಳಿಸುವ ಪ್ಲಾನ್‌ಗಳಿವೆ. ಆ ವೇಗದಲ್ಲಿ 3 ಎಂಬಿಯ ಒಂದು ಫೋಟೊ ಕಳಿಸಲು ಆರು ನಿಮಿಷಕ್ಕಿಂತ ಜಾಸ್ತಿ ಬೇಕು. ಇನ್ನು ಕೆಲವು ಪ್ಲಾನ್‌ಗಳಲ್ಲಿ ಫೋನಿಗೆ ಒಂದು ಮಿತಿ, ಹಾಟ್‌ಸ್ಪಾಟ್‌ಗೆ ಬೇರೆಯೇ ಮಿತಿ ಇರುತ್ತದೆ.

2. ನೆಟ್‌ವರ್ಕ್ ಆರಿಸಿ

ನಿಜವಾದ ಆಯ್ಕೆ ನಡೆಯುವುದು ಇಲ್ಲಿ. ಟೆಲಿಕಾಂ ಕಂಪನಿಯ ಕವರೇಜ್ ನಕ್ಷೆ ತೆರೆದು, ನೀವು ಹೋಗುವ ರಸ್ತೆಯ ಮೇಲೆ ಬೆರಳು ಓಡಿಸಿ. ಊರುಗಳೆಲ್ಲ ಬಣ್ಣ ತುಂಬಿಕೊಂಡಿರುತ್ತವೆ, ಅವನ್ನು ಬಿಡಿ. ಎರಡು ಊರುಗಳ ನಡುವಿನ ರಸ್ತೆ ಹೇಗಿದೆ ನೋಡಿ. ಈ ನಕ್ಷೆಗಳಲ್ಲಿ ಬಹುಪಾಲು ಕಂಪ್ಯೂಟರ್ ಲೆಕ್ಕದಿಂದ ಬಿಡಿಸಿದ್ದು. ಬಯಲಿನಲ್ಲಿ ನಿಂತವರಿಗೆ ಸಿಗುವ ಸಿಗ್ನಲ್ ಕಾರಿನೊಳಗೆ ಕೂತವರಿಗೆ ಸಿಗುವುದಿಲ್ಲ. ಬಣ್ಣ ತೆಳುವಾಗಿರುವ ಕಡೆ ಸುಮ್ನೆ ‘ಇಲ್ಲ’ ಅಂತಲೇ ಅಂದುಕೊಳ್ಳಿ.

5ಜಿ ಎಂಬ ಹೆಸರಿಗೆ ಮಾರುಹೋಗಬೇಡಿ. 700, 800, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್‌ಗಳು (ಸಿಗ್ನಲ್ ಸಾಗುವ ರೇಡಿಯೊ ಅಲೆಗಳ ಪಟ್ಟಿಗಳು) ದೂರ ಹೋಗುತ್ತವೆ, ಗೋಡೆ-ಮರಗಳನ್ನೂ ಒಂದಿಷ್ಟು ತೂರುತ್ತವೆ. 3500 ಮೆಗಾಹರ್ಟ್ಸ್ ಆಸುಪಾಸಿನ ಬ್ಯಾಂಡ್‌ಗಳಿಗೆ ವೇಗ ಜಾಸ್ತಿ, ಓಟ ಕಡಿಮೆ. ಹೆದ್ದಾರಿಯ ಉದ್ದಕ್ಕೂ ಕೈ ಹಿಡಿಯುವುದು ಕೆಳಗಿನ ಬ್ಯಾಂಡ್. ನಿಮ್ಮ ಕಂಪನಿ ಆ ಭಾಗದಲ್ಲಿ ಯಾವ ಬ್ಯಾಂಡ್ ಬಳಸುತ್ತದೆ, ನಿಮ್ಮ ಸಾಧನ ಅದನ್ನು ಹಿಡಿಯುತ್ತದಾ ಎಂದು ತಾಳೆ ನೋಡಿ. ಬೇರೆ ದೇಶದ ಮಾರುಕಟ್ಟೆಗೆಂದು ತಯಾರಾದ ಸಾಧನಗಳು ಎಡವುವುದು ಇಲ್ಲೇ.

ಎರಡನೇ ಸಿಮ್ ಇಟ್ಟುಕೊಳ್ಳುವುದು ದುಬಾರಿ ರೂಟರ್‌ಗಿಂತ ಎಷ್ಟೋ ಮೇಲು. ಅದಕ್ಕೊಂದು ಷರತ್ತಿದೆ: ಎರಡೂ ಬೇರೆ ಬೇರೆ ಟವರ್‌ಗಳಿಂದ ಬರಬೇಕು. ಎಷ್ಟೋ ಚಿಕ್ಕ ಬ್ರ್ಯಾಂಡ್‌ಗಳಿಗೆ ಸ್ವಂತ ಟವರ್ ಇರುವುದಿಲ್ಲ. ದೊಡ್ಡ ಕಂಪನಿಯ ನೆಟ್‌ವರ್ಕ್ ಬಾಡಿಗೆಗೆ ಪಡೆದು ಮಾರುತ್ತವೆ. ಹೆಸರು ಎರಡು, ಟವರ್ ಒಂದೇ ಎಂದಾದರೆ ಎರಡೂ ಒಟ್ಟಿಗೇ ಸಾಯುತ್ತವೆ. ಫೋನಿನಲ್ಲಿ ಇಸಿಮ್ (ಚಿಪ್ ಹಾಕದೆ ಫೋನಿಗೇ ಇಳಿಸಿಕೊಳ್ಳುವ ಸಿಮ್) ಸೌಲಭ್ಯವಿದ್ದರೆ ಎರಡನೆಯದನ್ನು ಅದರಲ್ಲಿ ಹಾಕಿಕೊಳ್ಳಬಹುದು. ಆಗ ಚಿಕ್ಕ ಸಿಮ್ಮನ್ನು ಸೀಟಿನ ಸಂದಿಯಲ್ಲಿ ಹುಡುಕುವ ಕಷ್ಟವೂ ಇಲ್ಲ.

3. ಈಗ ಸಾಧನ

ಒಬ್ಬರೋ ಇಬ್ಬರೋ ಇದ್ದರೆ ಫೋನ್ ಹಾಟ್‌ಸ್ಪಾಟ್ ಸಾಕು. ಬೇರೆ ಏನೂ ಕೊಳ್ಳಬೇಡಿ. ಬ್ಯಾಟರಿ ಬೇಗ ಇಳಿಯುತ್ತದೆ, ಫೋನ್ ಬಿಸಿಯಾಗುತ್ತದೆ ಅನ್ನುವುದು ನಿಜ. ಲ್ಯಾಪ್‌ಟಾಪ್ ಒಂದಕ್ಕೇ ನೆಟ್ ಬೇಕಿದ್ದರೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿ, ಅಂದರೆ ಫೋನಿನ ನೆಟ್ಟನ್ನು ಕೇಬಲ್ ಮೂಲಕವೇ ಕೊಡಿ. ವೈಫೈ ಹರಡುವ ಕೆಲಸ ತಪ್ಪುತ್ತದೆ, ಫೋನ್ ಚಾರ್ಜೂ ಆಗುತ್ತಿರುತ್ತದೆ.

ಮೂರ್ನಾಲ್ಕು ಜನ ದಿನವಿಡೀ ಬಳಸುವುದಾದರೆ ಮೈಫೈ ಎಂದು ಕರೆಯುವ ಅಂಗೈಯಗಲದ ಹಾಟ್‌ಸ್ಪಾಟ್ ಅನುಕೂಲ. ಅನ್‌ಲಾಕ್ ಆಗಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಒಂದೇ ಕಂಪನಿಗೆ ಕಟ್ಟುಬೀಳುತ್ತೀರಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 3ಜಿ ಮಾಡೆಲ್ ತರಬೇಡಿ. ಹಲವು ದೇಶಗಳಲ್ಲಿ 3ಜಿ ಸೇವೆಯೇ ಮುಚ್ಚಿದೆ. ಹೊಸದನ್ನು ತೆರೆದ ಕೂಡಲೇ ಸ್ಟಿಕ್ಕರ್ ಮೇಲಿನ ಪಾಸ್‌ವರ್ಡ್ ಬದಲಿಸಿ.

ವಾರಗಟ್ಟಲೆ ಗಾಡಿಯಲ್ಲೇ ಇದ್ದು ಕೆಲಸವನ್ನೂ ಮಾಡುವವರಿಗೆ 12 ವೋಲ್ಟ್‌ನಲ್ಲಿ ಓಡುವ ವೆಹಿಕಲ್ ರೂಟರ್ ಇದೆ. ಇದರ ದೊಡ್ಡ ಲಾಭ ಆಂಟೆನಾವನ್ನು ಗಾಡಿಯ ಛಾವಣಿ ಮೇಲೆ ಇಡಬಹುದು ಅನ್ನುವುದು. ಕೇಬಲ್ ಚಿಕ್ಕದಿದ್ದಷ್ಟೂ ಒಳ್ಳೆಯದು, ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ. ಟವರ್‌ನ ಸಿಗ್ನಲನ್ನು ಹಿಗ್ಗಿಸಿ ಮತ್ತೆ ಹರಡುವ ಸಿಗ್ನಲ್ ಬೂಸ್ಟರ್ ಬೇರೆ ವಸ್ತು. ಅನುಮತಿ ಇಲ್ಲದೆ ಅದನ್ನು ಬಳಸುವುದು ಹಲವು ದೇಶಗಳಲ್ಲಿ ಅಪರಾಧ.

ಟವರ್ರೇ ಇಲ್ಲದ ಕಡೆ ದಿನಗಟ್ಟಲೆ ಇರುವುದಾದರೆ ಮಾತ್ರ ಉಪಗ್ರಹದ ಮಾತು. 2024ರಲ್ಲಿ ಬಂದ ಸ್ಟಾರ್‌ಲಿಂಕ್ ಮಿನಿ ಎಂಬ ಉಪಗ್ರಹ ಇಂಟರ್ನೆಟ್ ಆಂಟೆನಾ ಬ್ಯಾಗಿನಲ್ಲಿ ಹಿಡಿಯುವಷ್ಟು ಚಿಕ್ಕದು, ತೂಕ ಸುಮಾರು 1.1 ಕೆಜಿ. ಅದರ ಉಪಗ್ರಹಗಳು ಸುಮಾರು 500 ಕಿಮೀ ಎತ್ತರದಲ್ಲಿವೆ. ಹಾಗಾಗಿ 35,786 ಕಿಮೀ ಮೇಲಿರುವ ಹಳೆಯ ಮಾದರಿಯ ಉಪಗ್ರಹಗಳಂತೆ ಮಾತು ತಡವಾಗಿ ಕೇಳಿಸುವುದಿಲ್ಲ. ಆದರೆ ಅದಕ್ಕೆ ತೆರೆದ ಆಕಾಶ ಬೇಕು. ಮರದ ನೆರಳಲ್ಲಿ ಗಾಡಿ ನಿಲ್ಲಿಸುವ ಆಸೆ ಇದ್ದವರಿಗೆ ಇದು ಹೊಂದುವುದಿಲ್ಲ. ಕರೆಂಟ್ ಲೆಕ್ಕವನ್ನೂ ನೋಡಿ. 30 ವ್ಯಾಟ್‌ನಂತೆ ಎಂಟು ಗಂಟೆ ಓಡಿದರೆ 240 ವ್ಯಾಟ್-ಗಂಟೆ. 50 ಆಂಪಿಯರ್-ಗಂಟೆಯ ಕಾರ್ ಬ್ಯಾಟರಿ ತುಂಬಿದ್ದರೂ ಹೆಚ್ಚೆಂದರೆ 600. ರಾತ್ರಿಯಿಡೀ ಓಡಿಸಿದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೇ ಹೋಗಬಹುದು. ಪ್ರತ್ಯೇಕ ಬ್ಯಾಟರಿ ಇಟ್ಟುಕೊಳ್ಳಿ. ನೀವು ಹೋಗುವ ದೇಶದಲ್ಲಿ ಆ ಸೇವೆಗೆ ಪರವಾನಗಿ ಇದೆಯಾ ಎಂದೂ ವಿಚಾರಿಸಿ.

4. ಎಲ್ಲಿ ಇಡಬೇಕು?

ಕಾರಿನ ಲೋಹದ ಮೈ ಸಿಗ್ನಲ್ ತಡೆಯುತ್ತದೆ. ಬಿಸಿಲು ತಡೆಯುವ ಲೋಹದ ಲೇಪನ ಇರುವ ಗಾಜೂ ಅಷ್ಟೇ. ಆಂಡ್ರಾಯ್ಡ್ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್ ತೆರೆದರೆ ಡಿಬಿಎಂ ಅಂತ ಮೈನಸ್ ಗುರುತಿನ ಒಂದು ಸಂಖ್ಯೆ ಸಾಮಾನ್ಯವಾಗಿ ಕಾಣುತ್ತದೆ. ಅದು ಸಿಗ್ನಲ್‌ನ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ -85 ಚೆನ್ನಾಗಿದೆ ಎಂದರ್ಥ, -110 ದಾಟಿದರೆ ಪರದಾಟ, -120ರಲ್ಲಿ ಉಸಿರು ನಿಂತ ಹಾಗೆ. ಫೋನನ್ನು ಗೇರ್ ಪಕ್ಕದಿಂದ ಕಿಟಕಿಗೆ ತನ್ನಿ, ಅಲ್ಲಿಂದ ಕಾರಿನ ಹೊರಗೆ ಹಿಡಿಯಿರಿ. ಪ್ರತಿ ಸಲ ಒಂದೆರಡು ನಿಮಿಷ ಬಿಟ್ಟು ಸಂಖ್ಯೆ ನೋಡಿ. 10ರಷ್ಟು ಸುಧಾರಿಸಿದರೆ ಸಿಗ್ನಲ್‌ನ ಶಕ್ತಿ ಹತ್ತು ಪಟ್ಟು ಏರಿದೆ ಎಂದರ್ಥ. ಪರದೆಯ ಮೇಲಿನ ಗೀಟುಗಳನ್ನು ನಂಬಬೇಡಿ, ಅವನ್ನು ಒಂದೊಂದು ಕಂಪನಿ ಒಂದೊಂದು ರೀತಿ ತೋರಿಸುತ್ತದೆ. ಸಂಖ್ಯೆ ಚೆನ್ನಾಗಿದ್ದೂ ನೆಟ್ ತೆವಳುತ್ತಿದ್ದರೆ ಟವರ್ ಮೇಲೆ ಜನ ಜಾಸ್ತಿ ಇದ್ದಾರೆ ಎಂದೇ ಲೆಕ್ಕ. ಅಂಥಲ್ಲಿ ಎಷ್ಟು ದೊಡ್ಡ ಆಂಟೆನಾ ಹಾಕಿದರೂ ಅಷ್ಟೇ. ಇನ್ನೊಂದು ಸಿಮ್‌ಗೆ ಬದಲಾಯಿಸಿ.

ಡ್ಯಾಶ್‌ಬೋರ್ಡ್ ಸಿಗ್ನಲ್‌ಗೆ ಒಳ್ಳೆಯ ಜಾಗ, ಬ್ಯಾಟರಿಗೆ ಕೆಟ್ಟ ಜಾಗ. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಎನ್ನುತ್ತದೆ ಆಪಲ್. ಬಿಸಿಲಿಗೆ ನಿಂತ ಕಾರು ಅದನ್ನು ಬೇಗನೇ ದಾಟುತ್ತದೆ. ಗಾಡಿ ನಿಲ್ಲಿಸಿ ಇಳಿಯುವಾಗ ಹಾಟ್‌ಸ್ಪಾಟನ್ನೂ ಜೊತೆಗೆ ಒಯ್ಯಿರಿ.

5. ಹೊರಡುವ ಹಿಂದಿನ ದಿನ

ನಕ್ಷೆಯಲ್ಲಿ ಬಣ್ಣವಿಲ್ಲದ ರಸ್ತೆಗೆ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ನಕ್ಷೆ ಫೋನಿನಲ್ಲಿದ್ದರೆ ದಾರಿ ಕಾಣುತ್ತದೆ. ಹಾಡು, ಸಿನಿಮಾ, ಬುಕಿಂಗ್ ಮಾಡಿದ ರೂಮಿನ ವಿಳಾಸ ಎಲ್ಲವೂ ಫೋನಿನಲ್ಲೇ ಇರಲಿ. ಹೊಸ ಸಿಮ್ ಮತ್ತು ಸಾಧನವನ್ನು ಕಾರಿಗೆ ಹಾಕಿಕೊಂಡು, ಎಲ್ಲರ ಫೋನುಗಳನ್ನೂ ಅದಕ್ಕೆ ಜೋಡಿಸಿ, ಊರಾಚೆ ಒಂದು ಸುತ್ತು ಹೋಗಿ ಬನ್ನಿ. ಏನಾದರೂ ಕೈಕೊಡುವುದಿದ್ದರೆ ಆಗಲೇ ಕೊಡಲಿ, ಬದಲಿಸಲು ಸಮಯ ಇರುತ್ತದೆ. ಇಸಿಮ್ ಕೊಂಡಿದ್ದರೆ ಅದನ್ನೂ ಮನೆಯ ವೈಫೈನಲ್ಲೇ ಫೋನಿಗೆ ಇಳಿಸಿ ಮುಗಿಸಿ. ಅದನ್ನು ಇಳಿಸಲೂ ಇಂಟರ್ನೆಟ್ ಬೇಕು.