ಮಳೆಗಾಲದಲ್ಲಿ ಬೆವತ ಸಮುದ್ರದ ರೀಲು

ಮಾಮಾ ಮುಂಬೈ ಬಿಟ್ಟು ಊರಿಗೆ ಬಂದಾಗ ಜೊತೆಗೆ ಒಂದು ತಗಡಿನ ಟ್ರಂಕು ತಂದಿದ್ದರು. ಒಳಗೆ ಗಾಳದ ದಾರ ಸುತ್ತುವ ಮೂರು ರೀಲು. ಹಡಗಿನ ಎಂಜಿನ್ ರೂಮಿನಲ್ಲಿ ದುಡಿದವರು ಅವರು, ರಜೆಯಲ್ಲಿ ದೊಡ್ಡ ಮೀನಿಗೆ ಗಾಳ ಹಾಕುವ ಹುಚ್ಚು ಇತ್ತು. "ನಿನಗ ಮಷಿನ್ ಕೆಲಸ ಗೊತ್ತದಲ್ಲ, ಇಟ್ಕೋ" ಅಂದು ಕೊಟ್ಟರು. ಬೀದರಿನಲ್ಲಿ ನನ್ನದು ಹೊಲಿಗೆ ಮಷಿನ್ ರಿಪೇರಿ ಅಂಗಡಿ. ಸಣ್ಣ ಸ್ಕ್ರೂ, ಸ್ಪ್ರಿಂಗು, ಬುಶ್ಶು ನನಗೆ ಹೊಸದಲ್ಲ. ಆದರೆ ಸಮುದ್ರ ಕಂಡ ಸಾಮಾನು ಹೊಸದು.

ಅದು ಬೇಸಿಗೆ. ರೀಲುಗಳನ್ನು ಒರೆಸಿ ಅಂಗಡಿಯ ಮೇಲಿನ ಹಲಗೆಯಲ್ಲಿಟ್ಟೆ. ನೋಡಲು ಚೆನ್ನಾಗೇ ಇದ್ದವು. ಹ್ಯಾಂಡಲ್ ತಿರುಗಿಸಿದರೆ ಒಳಗೆ ಮರಳು ಇದ್ದ ಹಾಗೆ ಕರಕರ ಅನ್ನುತ್ತಿತ್ತು, ಅಷ್ಟೇ. ಜುಲೈನಲ್ಲಿ ಮಳೆ ಹಿಡಿಯಿತು. ಎಂಟು ದಿನ ಬಿಸಿಲೇ ಇಲ್ಲ. ಒಂದು ಬೆಳಿಗ್ಗೆ ನೋಡಿದರೆ ಪ್ರತಿ ಸ್ಕ್ರೂ ತಲೆಯ ಸುತ್ತ ಹಸಿರು ಹನಿ. ಮುಟ್ಟಿದೆ, ಒದ್ದೆ. ರೀಲು ಬೆವತಿತ್ತು.

ಅಡುಗೆಮನೆಯ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಒದ್ದೆಯಾಗುತ್ತಲ್ವಾ, ಅದೇ ಕಥೆ ಇಲ್ಲೂ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ನೀರು ಹೀರಿ ತಾನೇ ಕರಗುತ್ತದೆ. ರೀಲಿನ ಸಂದುಗಳಲ್ಲಿ ಎಷ್ಟೋ ವರ್ಷದಿಂದ ಒಣಗಿ ಕೂತಿದ್ದ ಸಮುದ್ರದ ಉಪ್ಪು ನಮ್ಮ ಬೇಸಿಗೆಯಲ್ಲಿ ಸುಮ್ನೆ ಇತ್ತು, ಮಳೆ ಬಂದ ಕೂಡಲೇ ಎಚ್ಚರವಾಗಿ ಹಿತ್ತಾಳೆಯಲ್ಲಿರುವ ತಾಮ್ರವನ್ನು ತಿನ್ನಲು ಶುರು ಮಾಡಿತ್ತು. ಆ ಹಸಿರೇ ಕಿಲುಬು. ಅವತ್ತು ಒಂದು ಮಾತು ತಲೆಗೆ ಹೋಯಿತು: ಹೊಳಪು ಆಮೇಲೆ, ಮೊದಲು ಉಪ್ಪು ಹೊರಗೆ ಬರಬೇಕು.

ಆದರೆ ಅಷ್ಟರಲ್ಲಿ ಒಂದು ತಪ್ಪು ಮಾಡಿ ಆಗಿತ್ತು. ಮೂರರಲ್ಲಿ ಸಣ್ಣ ರೀಲಿನ ಬದಿಯ ತಟ್ಟೆಗಳ ಅಂಚಿಗೆ ಕೂರುವ ಉಂಗುರಗಳನ್ನು ಪಾತ್ರೆ ಪಾಲಿಶ್ ಮಾಡುವ ಕಡೆ ಬಫಿಂಗ್ ಚಕ್ರಕ್ಕೆ ಕೊಡಿಸಿದ್ದೆ. ಆ ಉಂಗುರ ಗಟ್ಟಿ ಉಕ್ಕಲ್ಲ, ಹಿತ್ತಾಳೆಯ ಮೇಲೆ ತೆಳ್ಳಗೆ ಕ್ರೋಮ್ ಲೇಪ. ಚಕ್ರ ಎರಡು ನಿಮಿಷದಲ್ಲಿ ಅಂಚಿನ ಲೇಪ ತಿಂದು ಹಳದಿ ಹಿತ್ತಾಳೆ ತೋರಿಸಿತು. ಹೋದ ಕ್ರೋಮ್ ಉಜ್ಜಿದರೆ ಬರಲ್ಲ, ಮತ್ತೆ ಲೇಪ ಹಾಕಿಸಬೇಕು, ಹಾಕಿಸಿದರೆ ಅದು ಹಳೆಯ ರೀಲಾಗಿ ಉಳಿಯಲ್ಲ. ಆ ಉಂಗುರ ನೋಡಿದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ. ಚೌಬಾರಾ ಗೋಪುರದ ಹತ್ತಿರ ಬಿದರಿ ಕೆಲಸ ಮಾಡುವ ಒಬ್ಬ ಚಾಚಾ ಇದ್ದಾರೆ, ಅವರಿಗೆ ತೋರಿಸಿದೆ. ಅವರು ಸತು-ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಅದ್ದಿ ಕಪ್ಪು ಬರಿಸುವವರು. ಲೋಹದ ಮೇಲ್ಮೈ ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆರಳಲ್ಲಿ ಸವರಿ ನೋಡಿ, "ಮ್ಯಾಲಿಂದು ತೆಗೀಬ್ಯಾಡಪ್ಪ, ಅದ ಅದರ ಚರ್ಮ" ಅಂದರು. ಆಮೇಲೆ ಯಾವ ರೀಲನ್ನೂ ಚಕ್ರಕ್ಕೆ ಕೊಟ್ಟಿಲ್ಲ.

ದೊಡ್ಡ ರೀಲು ಪೆನ್ ಸೆನೆಟರ್. 1932ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಓಟೋ ಹೆನ್ಸೆ ಶುರು ಮಾಡಿದ ಕಂಪನಿ ಪೆನ್, ಅದರ ಸೆನೆಟರ್ ಮಾದರಿ ಬಂದಿದ್ದು 1936ರಲ್ಲಿ. ಎರಡು ಬದಿಗೆ ಕಪ್ಪು ಬೇಕ್‌ಲೈಟ್ ತಟ್ಟೆ, ನಮ್ಮ ಹಳೆಯ ಮನೆಗಳ ಕರಿ ಸ್ವಿಚ್ಚಿನ ಜಾತಿಯದೇ. ಅದಕ್ಕೆ ಉಂಗುರ, ನಡುವೆ ದಾರ ಸುತ್ತುವ ಭಾರದ ಸ್ಪೂಲ್, ಹ್ಯಾಂಡಲ್ ಬುಡದಲ್ಲಿ ನಕ್ಷತ್ರದ ಆಕಾರದ ಡ್ರ್ಯಾಗ್ ಚಕ್ರ, ಅಂದರೆ ಬ್ರೇಕ್ ಬಿಗಿ ಮಾಡುವ ಚಕ್ರ. ಪ್ರತಿ ಭಾಗಕ್ಕೂ ನಂಬರಿದೆ, ಬಿಡಿಸಿ ತೋರಿಸಿದ ನಕ್ಷೆಯೂ ಸಿಗುತ್ತದೆ. ಹಳೆಯ ಯಂತ್ರ ರಿಪೇರಿ ಮಾಡುವವನಿಗೆ ಇದಕ್ಕಿಂತ ಏನು ಬೇಕು.

ಬಿಚ್ಚುವುದೇ ಕಷ್ಟದ ಕೆಲಸ. ಉಪ್ಪು ಸ್ಕ್ರೂವನ್ನು ಸಿಮೆಂಟಿನ ಹಾಗೆ ಹಿಡಿದಿರುತ್ತದೆ. ಸ್ಕ್ರೂ ತಲೆ ಮೆತ್ತಗಿನ ಹಿತ್ತಾಳೆ, ಅಂಗಡಿಯ ಸ್ಕ್ರೂಡ್ರೈವರ್ ಬಾಯಿ ಇಳಿಜಾರಾಗಿ ಬೆಣೆಯ ಹಾಗೆ ಇರುವುದರಿಂದ ಸೀಳಿನ ಮೇಲಂಚಿಗೆ ಮಾತ್ರ ತಾಗುತ್ತದೆ. ಜೋರು ಮಾಡಿದರೆ ಜಾರಿ ತಲೆ ಹರಿದು ಹೋಗುತ್ತದೆ. ಅದಕ್ಕೆ ಒಂದು ಹಳೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಸಣ್ಣ ಅರದಲ್ಲಿ ಬಾಯಿಯ ಎರಡೂ ಮುಖ ಸಮಾನಾಂತರ ಆಗುವ ತನಕ ಉಜ್ಜಿದೆ. ಉಜ್ಜು, ಸೀಳಿಗೆ ಇಳಿಸಿ ನೋಡು, ಮತ್ತೆ ಉಜ್ಜು. ಕೊನೆಗೆ ತಳದವರೆಗೆ ಇಳಿದು ಅಲ್ಲಾಡದೆ ನಿಂತಿತು. ಕೈ ಬಿಟ್ಟರೂ ಬೀಳಲಿಲ್ಲ. ಅರ್ಧ ಗಂಟೆ ಇದಕ್ಕೇ ಹೋಯಿತು, ಹೋಗಲಿ. ಮೊದಲ ಸಲ ಬಿಚ್ಚುವ ಬದಲು ಕೂದಲೆಳೆಯಷ್ಟು ಬಿಗಿ ಮಾಡಿ. ಉಪ್ಪಿನ ಪದರ ಮುರಿಯುವ ಟಿಕ್ ಅನ್ನೋ ಸಣ್ಣ ಸದ್ದು ಬರುತ್ತದೆ, ಆಮೇಲೆ ಹಿಂದಕ್ಕೆ ತಿರುಗಿಸಿ. ಎರಡು ಸ್ಕ್ರೂ ಅದಕ್ಕೂ ಬಗ್ಗಲಿಲ್ಲ. ತೆಳ್ಳಗಿನ ಎಣ್ಣೆ ಬಿಟ್ಟು ರಾತ್ರಿ ಇಟ್ಟು, ಬೆಳಿಗ್ಗೆ ಸೋಲ್ಡರಿಂಗ್ ಐರನ್ ತುದಿಯನ್ನು ತಲೆಯ ಮೇಲೆ ಸ್ವಲ್ಪ ಹೊತ್ತು ಹಿಡಿದು ಬಿಚ್ಚಿದೆ. ತುಂಬಾ ಹೊತ್ತು ಹಿಡಿಯಬಾರದು. ಬೇಕ್‌ಲೈಟ್ ಕರಗುವ ಜಾತಿ ಅಲ್ಲ, ಆದರೆ ಸೀಳುತ್ತದೆ.

ಹ್ಯಾಂಡಲ್ ಕಡೆಯ ತಟ್ಟೆ ತೆರೆಯುವಾಗ ಅವ್ವನ ಹಿಟ್ಟು ನಾದುವ ಪರಾತದಲ್ಲಿ ಬಿಳಿ ಬಟ್ಟೆ ಹಾಸಿಕೊಂಡೆ. ಒಳಗೆ ಪಿನಿಯನ್ ಅನ್ನೋ ಸಣ್ಣ ಗೇರನ್ನು ಸ್ಪೂಲಿಗೆ ಒತ್ತಿ ಹಿಡಿಯುವ ಎರಡು ಸಣ್ಣ ಸ್ಪ್ರಿಂಗ್ ಇರುತ್ತವೆ, ತೆರೆದ ಕೂಡಲೇ ಹಾರುತ್ತವೆ. ಒಂದು ಹಾರಿತು, ಪರಾತದ ಅಂಚಿಗೆ ಬಡಿದು ಅಲ್ಲೇ ಬಿತ್ತು. ಇನ್ನೊಂದು ಮುಟ್ಟಿದರೆ ಪುಡಿಯಾಯಿತು. ಮೊದಲು ಯಾರೋ ಸಾದಾ ಕಬ್ಬಿಣದ್ದು ಹಾಕಿದ್ದರು ಅಂತ ಕಾಣುತ್ತದೆ, ಪೂರ್ತಿ ತುಕ್ಕು. ಸಿತಾರಿನ ಉಕ್ಕಿನ ತಂತಿ ತಂದು ಮೊಳೆಗೆ ಸುತ್ತಿ ಎರಡನ್ನೂ ಹೊಸದಾಗಿ ಮಾಡಿದೆ. ಒಂದನ್ನೇ ಬದಲಿಸಿದರೆ ಒತ್ತಡ ಹೆಚ್ಚು ಕಡಿಮೆ ಆಗಿ ಪಿನಿಯನ್ ವಾಲುತ್ತದೆ. ಹೊಲಿಗೆ ಮಷಿನ್‌ನಲ್ಲೂ ಜೋಡಿ ಸ್ಪ್ರಿಂಗನ್ನು ನಾನು ಜೋಡಿಯಾಗೇ ಬದಲಿಸುವುದು.

ಗ್ರೀಸು ಗಟ್ಟಿಯಾಗಿ ಬೆಲ್ಲದ ಪಾಕದ ಹಾಗಿತ್ತು. ಚಿಮಣಿ ಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಸೋಪು ನೀರಿನಲ್ಲಿ ತೊಳೆದೆ. ಜಿಡ್ಡು ಹೋದ ಮೇಲೇ ಉಪ್ಪಿನ ಕೆಲಸ, ಯಾಕಂದರೆ ಜಿಡ್ಡಿನ ಕೆಳಗೆ ನೀರು ಇಳಿಯಲ್ಲ.

ಕಿಲುಬು ನೋಡಿ ಅವ್ವ "ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕೋ, ದೇವರ ಸಾಮಾನು ಹಂಗೇ ಹೊಳೀತಾವ" ಅಂದಳು. ಹುಣಸೆ ಸರಿ, ಅದರ ಹುಳಿ ಕಿಲುಬನ್ನು ಬಿಡಿಸುತ್ತದೆ. ಉಪ್ಪು ಮಾತ್ರ ಬೇಡ ಅಂದೆ. ತೆಳು ಹುಣಸೆ ನೀರಿನಲ್ಲಿ ಹತ್ತು ನಿಮಿಷ, ಅಷ್ಟೇ. ಜಾಸ್ತಿ ಬಿಟ್ಟರೆ ಹುಳಿ ಕ್ರೋಮಿನ ಬಿರುಕಿನಿಂದ ಒಳಗೆ ಇಳಿದು ಲೇಪ ಎಬ್ಬಿಸುತ್ತದೆ. ಅಲ್ಯೂಮಿನಿಯಂ ಭಾಗ ಇದ್ದರೆ ಹುಳಿಗೆ ಹಾಕಲೇಬೇಡಿ.

ಆಮೇಲೆ ನೀರು. ಬೋರ್‌ವೆಲ್ ನೀರಿನಲ್ಲೇ ಉಪ್ಪಿನಂಶ ಇರುತ್ತದೆ, ಅದರಿಂದ ಉಪ್ಪು ತೊಳೆಯುವುದು ಹೇಗೆ? ಆಟೋ ಅಂಗಡಿಯಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದೆ. ಉಂಗುರ, ಸ್ಪೂಲ್, ಎರಡು ಬದಿ ಜೋಡಿಸುವ ಕಂಬಿಗಳು, ಗಾಳದ ಕೋಲಿಗೆ ಕೂರುವ ರೀಲಿನ ಪಾದ, ಈ ಹಿತ್ತಾಳೆ ಭಾಗಗಳನ್ನು ಮಾತ್ರ ಅದರಲ್ಲಿ ಮುಳುಗಿಸಿ ದಿನಕ್ಕೊಮ್ಮೆ ನೀರು ಬದಲಿಸಿದೆ. ಉಕ್ಕಿನ ಭಾಗ ನೆನೆಸಿದರೆ ತುಕ್ಕು ಹಿಡಿಯುತ್ತದೆ, ಅವುಗಳನ್ನು ತೊಳೆದು ಒಣಗಿಸಿ ಕೂಡಲೇ ಎಣ್ಣೆ ಹಚ್ಚಬೇಕು. ಬೇಕ್‌ಲೈಟನ್ನೂ ನೆನೆಸಿಡಬಾರದು, ಸೋಡಾ ಪುಡಿ ಹಾಕಿ ತಿಕ್ಕಿದರೆ ಅದರ ಹೊಳಪು ಹೋಗುತ್ತದೆ.

ಉಪ್ಪು ಹೋಯಿತೋ ಇಲ್ಲವೋ ಕಣ್ಣಿಗೆ ಕಾಣಲ್ಲ. ನಮ್ಮ ಗಿರಾಕಿ ಒಬ್ಬರು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಅವರ ಲ್ಯಾಬಿನಲ್ಲೇ ಕೂತು, ತೊಳೆದ ನೀರನ್ನು ಗಾಜಿನ ನಳಿಗೆಗೆ ಹಾಕಿ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರು. ಮೊದಲ ದಿನದ ನೀರು ಕ್ಷಣದಲ್ಲಿ ಮಜ್ಜಿಗೆ ಆಯಿತು! ಅಷ್ಟೂ ಉಪ್ಪು. ಐದನೇ ದಿನದ್ದು ಅಕ್ಕಿ ತೊಳೆದ ನೀರಿನ ಹಾಗೆ, ಒಂಬತ್ತನೇ ದಿನದ್ದು ತಿಳಿ. ನನಗೆ ಆದ ಸಂತೋಷ ಹೇಳಲಾರೆ. ಬೆರಳಿಗೆ ತಾಗಿದ ಒಂದು ಹನಿಯ ಕಪ್ಪು ಕಲೆ ವಾರದವರೆಗೆ ಹೋಗಲಿಲ್ಲ, ಅದು ತಾಗದ ಹಾಗೆ ಕೈಗವಸು ಹಾಕಿಕೊಳ್ಳಿ.

ಡ್ರ್ಯಾಗ್ ಬಗ್ಗೆಯೂ ಹೇಳಬೇಕು. ದೊಡ್ಡ ಮೀನು ಎಳೆದಾಗ ದಾರ ತುಂಡಾಗದೆ ಜಾರಿಕೊಡುವ ಬ್ರೇಕ್ ಅದು. ದೊಡ್ಡ ಗೇರಿನ ಹೊಟ್ಟೆಯಲ್ಲಿ ಒಂದು ಘರ್ಷಣೆಯ ವಾಷರ್, ಒಂದು ಲೋಹದ ವಾಷರ್, ಹೀಗೆ ಒಂದರ ಮೇಲೊಂದು. ಲೋಹದವುಗಳಲ್ಲಿ ಕೆಲವು ನಡುವಿನ ತೂತಿನಿಂದ ಶಾಫ್ಟ್ ಹಿಡಿಯುತ್ತವೆ, ಕೆಲವು ಹೊರಗಿನ ಕಿವಿಯಿಂದ ಗೇರು ಹಿಡಿಯುತ್ತವೆ. ಕ್ರಮ ತಪ್ಪಿದರೆ ಬ್ರೇಕ್ ಹಿಡಿಯಲ್ಲ, ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹಳೆಯ ವಾಷರ್ ಒಣಗಿ ಬಿರುಕು ಬಿಟ್ಟಿತ್ತು. ಅಂಥದರಲ್ಲಿ ಕಲ್ನಾರು ಇರಬಹುದು, ಒಣಗಿದ್ದನ್ನು ಉಜ್ಜಬೇಡಿ, ಒದ್ದೆ ಮಾಡಿ ತೆಗೆಯಿರಿ. ಕಾರ್ಬನ್ ಫೈಬರ್ ವಾಷರ್ ತರಿಸಿ ಹಾಕಿದೆ. ಹಳೆಯದನ್ನು ಚೀಟಿ ಬರೆದು ಚೀಲದಲ್ಲಿ ಮುಚ್ಚಿಟ್ಟಿದ್ದೇನೆ.

ಸ್ಪೂಲ್ ತುದಿಗಳಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ, ಗೇರಿಗೆ ನೀರಿಗೆ ತೊಳೆದು ಹೋಗದ ಗ್ರೀಸು. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಪ್ರತಿ ಸ್ಕ್ರೂವಿನ ಎಳೆಗೂ ಚೂರು ಗ್ರೀಸು ಸವರಿದೆ, ಮುಂದೆ ಬಿಚ್ಚುವವನಿಗೆ ನನ್ನ ಕಷ್ಟ ಬರಬಾರದು. ದಾರ ಸುತ್ತಿ, ತುದಿಗೆ ಕೊಂಡಿ ತಕ್ಕಡಿ ಕಟ್ಟಿ, ಅಂಗಡಿ ಹುಡುಗ ರೀಲು ಹಿಡಿದ, ನಾನು ಎಳೆದೆ. ಜರ್ಕ್ ಇಲ್ಲದೆ ಒಂದೇ ಸಮನೆ ಜಾರಿತು. ದಾರ ತಡೆಯುವ ತೂಕದ ಮೂರನೇ ಒಂದು ಭಾಗಕ್ಕೆ ಬಿಗಿ ಇಟ್ಟೆ.

ಆ ಚಳಿಗಾಲ ಕಾರಂಜಾ ಡ್ಯಾಮಿಗೆ ಮಾಮಾನ ಜೊತೆ ಹೋದೆ. ಅಲ್ಲಿಯ ಮೀನಿಗೆ ಇಷ್ಟು ದೊಡ್ಡ ರೀಲು ಬೇಕಿಲ್ಲ, ಮೀನೂ ಸಿಗಲಿಲ್ಲ. ಮಾಮಾ ಹ್ಯಾಂಡಲ್ ತಿರುಗಿಸಿ ಕಿವಿ ಹತ್ತಿರ ಹಿಡಿದು, "ಕರಕರ ಹೋತು" ಅಂದರು.

ಈ ವರ್ಷ ಮತ್ತೆ ಜುಲೈ ಮಳೆ ಹಿಡಿದಿದೆ. ರೋಜು ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಸ್ಕ್ರೂ ತಲೆಗಳನ್ನು ಬಿಳಿ ಬಟ್ಟೆಯಲ್ಲಿ ಒತ್ತಿ ನೋಡುತ್ತೇನೆ. ಎಲ್ಲ ಒಣ. ಪಾದದ ಹಿಂದಿನ ಒಂದೇ ಒಂದು ಸ್ಕ್ರೂವಿನಿಂದ ನಿನ್ನೆ ಬಟ್ಟೆಗೆ ಸಾಸಿವೆಯಷ್ಟು ಹಸಿರು ಹತ್ತಿತು. ಭಾನುವಾರ ಅದನ್ನು ಮತ್ತೆ ಬಿಚ್ಚುತ್ತೇನೆ. ಬ್ಯಾಟರಿ ನೀರಿನ ಕ್ಯಾನ್ ತಂದಿಟ್ಟಿದ್ದೇನೆ.